ನಿಮಗಿದು ಗೊತ್ತೆ? ಬಂಡೆಯ ಲವಣ, ಬಿಂದಿಗೆಯ ನೀರು

ಮುಳಬಾಗಿಲು ಸೇರಿದಂತೆ ಕೋಲಾರ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇದು ನೆಲದಡಿಯ ಗ್ರಾನೈಟ್ ಬಂಡೆಗಳಿಂದ ಕರಗಿ ಬರುತ್ತದೆ.

* ಫ್ಲೋರೈಡ್‌ನ ಮೂಲಧಾತುವಾದ ಫ್ಲೋರಿನ್ ವಿಷಾನಿಲ. ಅದರ ಪರಮಾಣುವಿನ ಹೊರಕವಚದಲ್ಲಿರುವುದು 7 ಎಲೆಕ್ಟ್ರಾನ್. 8 ಆಗಲು ಇನ್ನೊಂದು ಬೇಕು.

* ಕ್ಯಾಲ್ಸಿಯಂ ಲೋಹ ತನ್ನ ಹೊರಗಿನ 2 ಎಲೆಕ್ಟ್ರಾನ್‌ಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಎರಡು ಫ್ಲೋರಿನ್ ಪರಮಾಣುಗಳು ಒಂದೊಂದನ್ನು ಪಡೆದಾಗ ಹುಟ್ಟುವ ಲವಣವೇ ಕ್ಯಾಲ್ಸಿಯಂ ಫ್ಲೋರೈಡ್.

* ಈ ಲವಣ ನೀರಿನಲ್ಲಿ ಕರಗುವುದು ಬಲು ಕಡಿಮೆ. ಸೋಡಿಯಂ ಫ್ಲೋರೈಡ್ ಚೆನ್ನಾಗಿ ಕರಗುತ್ತದೆ. ಹಾಗಾಗಿ ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಹೆಚ್ಚಿರುವ ಅಂತರ್ಜಲದಲ್ಲಿ ಫ್ಲೋರೈಡ್ ಏರುತ್ತದೆ.

* ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ, ಮೂಳೆಗೆ ಹಾನಿ.

* ಕುದಿಸಿದರೆ ಫ್ಲೋರೈಡ್ ಹೋಗದು. ಮಕ್ಕಳಿರುವ ಮನೆಯವರು ಕೊಳವೆಬಾವಿ ನೀರನ್ನು ತಪ್ಪದೆ ಪರೀಕ್ಷೆ ಮಾಡಿಸಿ.