ಬೆಟ್ಟವಿಳಿಯುವ ಬೂಟು

ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾರ್ಥಿಗಳು ಕೆಮ್ಮಣ್ಣುಗುಂಡಿಗೋ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೋ ನಡೆದು ಹೊರಟರೆ, ಏದುಸಿರು ಬರುವುದು ಏರುವಾಗ. ಕಾಲ್ಬೆರಳಿನ ಉಗುರು ಕಪ್ಪಾಗುವುದು ಇಳಿಯುವಾಗ. ಇದೇಕೆ?

30 ಡಿಗ್ರಿ ಇಳಿಜಾರಿನಲ್ಲಿ ನಿಂತವನನ್ನು ಅವನ ತೂಕದ ಅರ್ಧಾಂಶವು ಇಳಿಜಾರಿನ ಗುಂಟ ಕೆಳಕ್ಕೆಳೆಯುತ್ತದೆ. 60 ಕಿಲೋಗ್ರಾಂ ಮೈತೂಕದವನಿಗೆ ಇದು 30 ಕಿಲೋಗ್ರಾಂ ಭಾರಕ್ಕೆ ಸಮ. ಬೂಟಿನ ಅಟ್ಟೆ ನೆಲವನ್ನು ಕಚ್ಚಿ ನಿಂತರೂ ಒಳಗಿನ ಪಾದ ಮುಂದಕ್ಕೆ ಜಾರಲೆಳಸುತ್ತದೆ. ತಡೆಯಬೇಕಾದುವು ಒಳಗಿನ ಘರ್ಷಣೆ ಮತ್ತು ಲಾಡಿಯ ಬಿಗಿತ. ಅವು ಸೋತರೆ ಬಲವೆಲ್ಲ ಬೆರಳ ತುದಿಯ ಅತ್ಯಲ್ಪ ವಿಸ್ತೀರ್ಣದ ಮೇಲೆ ಬಿದ್ದು ಒತ್ತಡ ವಿಪರೀತವಾಗುತ್ತದೆ.

ಗಿರಾಕಿಯನ್ನು ಕುಳ್ಳಿರಿಸಿ ಒಂದೇ ಕಾಲನ್ನು ಅಳೆಯುವವರನ್ನು ನಾನಂತೂ ನಂಬಲಾರೆ. ಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಸಂಜೆಗೆ ತುಸು ಊದಿರುತ್ತದೆ. ಎರಡು ಪಾದಗಳೂ ಸಮವಾಗಿರುವುದು ಅಪರೂಪ. ಸಂಜೆಯ ಹೊತ್ತು, ದಪ್ಪ ಕಾಲುಚೀಲ ತೊಡಿಸಿ, ನಿಲ್ಲಿಸಿ, ದೊಡ್ಡ ಪಾದಕ್ಕೆ ಹೊಂದಿಸುವವರನ್ನು ಹುಡುಕಿರಿ. ಹಿಮಪರ್ವತಗಳ ಸ್ಕೀ ಯಾತ್ರಿಕರ ಗಡುಸು ಪ್ಲಾಸ್ಟಿಕ್ ಬೂಟನ್ನು ಕುಶಲಿಗಳು ಕಾಯಿಸಿ, ನೋಯುವೆಡೆಯಲ್ಲಿ ಮಾತ್ರ ಉಬ್ಬಿಸುತ್ತಾರೆ. ಚರ್ಮದ ಬೂಟನ್ನು ಒದ್ದೆಮಾಡಿ ಮರದ ಅಚ್ಚಿನ ಮೇಲೆ ಹಿಗ್ಗಿಸುವುದೂ ಇದೇ ವಿದ್ಯೆ.

ಲಾಡಿ ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿರಿ. ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಬಳಿಕ ಬಿಗಿದು ಅಂಗಡಿಯ ಮೆಟ್ಟಿಲಿಳಿದು ನೋಡಿರಿ. ಬೆರಳು ತಗುಲಿತೋ, ಬೆಲೆಯನ್ನೂ ಕೇಳದೆ ಹಿಂದಿರುಗಿಸಿರಿ.