ನಿಮಗಿದು ಗೊತ್ತೇ? ಆರು ರಾಣಿಯರಿಗೆ ಒಬ್ಬಳೇ ನಟಿ

ಅಮೆರಿಕದ ರಂಗನಟಿ ಕಾರ್ನೀಲಿಯಾ ಓಟಿಸ್ ಸ್ಕಿನ್ನರ್ ಹೆಸರಿನ ನಡುವೆ ಇರುವ ‘ಓಟಿಸ್’ ಅಪ್ಪನ ಹೆಸರು. ಓಟಿಸ್ ಸ್ಕಿನ್ನರ್ ಆ ಕಾಲದ ಹೆಸರಾಂತ ನಟ. 1921ರಲ್ಲಿ ಮಗಳು ವೃತ್ತಿರಂಗಕ್ಕೆ ಕಾಲಿಟ್ಟಿದ್ದು ಅಪ್ಪನ ಜೊತೆ, ‘ಬ್ಲಡ್ ಅಂಡ್ ಸ್ಯಾಂಡ್’ ನಾಟಕದಲ್ಲಿ. ನಾಲ್ಕೇ ವರ್ಷ ಕಳೆಯುವಷ್ಟರಲ್ಲಿ ‘ಕ್ಯಾಪ್ಟನ್ ಫ್ಯೂರಿ’ ಎಂಬ ನಾಟಕ ಬರೆದರು. ಅದರ ನಾಯಕ ಅಪ್ಪನೇ!

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಆರೂ ಹೆಂಡತಿಯರನ್ನು ಅವರೊಬ್ಬರೇ ರಂಗಕ್ಕೆ ತಂದರು. ಬರವಣಿಗೆಯೂ ಅವರದೇ. ಏಕವ್ಯಕ್ತಿ ಪ್ರಯೋಗಗಳೇ ಅವರಿಗೆ ದೊಡ್ಡ ಹೆಸರು ತಂದುಕೊಟ್ಟವು.

ಅವರು ಹಾಸ್ಯಬರಹಗಾರ್ತಿಯೂ ಹೌದು. ಆ ಬರಹಕ್ಕೆ ಸರಕು ಎಲ್ಲಿಂದ? ಹೆಚ್ಚಾಗಿ ತಮ್ಮದೇ ಫಜೀತಿಗಳಿಂದ. 1920ರ ದಶಕದ ಆರಂಭದಲ್ಲಿ ಗೆಳತಿ ಎಮಿಲಿ ಕಿಂಬ್ರೋ ಜೊತೆ ಹಡಗು ಹತ್ತಿ ಯುರೋಪಿಗೆ ಹೊರಟರು. ಹಡಗು ಸಮುದ್ರ ಸೇರುವ ಮೊದಲೇ ನದಿಯಲ್ಲಿ ನೆಲ ಹತ್ತಿ ನಿಂತಿತು. ಮುಂದಿನ ಪಯಣದಲ್ಲಿ ಕಾರ್ನೀಲಿಯಾಗೆ ದಡಾರ! ವೈದ್ಯರ ಕಣ್ಣಿಗೆ ಬಿದ್ದರೆ ಇಳಿಯಲು ಬಿಡುವುದಿಲ್ಲವೆಂದು ಮುಖದ ಗುಳ್ಳೆಗಳನ್ನು ಮರೆಮಾಚಿಕೊಂಡೇ ಇಂಗ್ಲೆಂಡಿನಲ್ಲಿ ಇಳಿದರು. ಸುಮಾರು ಇಪ್ಪತ್ತು ವರ್ಷದ ಬಳಿಕ, 1942ರಲ್ಲಿ, ಇಬ್ಬರೂ ಸೇರಿ ಇದನ್ನೆಲ್ಲ ‘ಅವರ್ ಹಾರ್ಟ್ಸ್ ವರ್ ಯಂಗ್ ಅಂಡ್ ಗೇ’ ಎಂಬ ಪುಸ್ತಕ ಮಾಡಿದರು. ಹೊರಗೆ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಜನ ಅದನ್ನು ಮುಗಿಬಿದ್ದು ಕೊಂಡರು. ಯಾರನ್ನೂ ನೋಯಿಸದ ಇಂಥ ನಗು ಆಗ ಎಷ್ಟು ಬೇಕಾಗಿತ್ತೋ!

ನನಗೆ ತುಂಬ ಇಷ್ಟವಾದ ಸಂಗತಿ ಇದು. 1944ರಲ್ಲಿ ಆ ಪುಸ್ತಕ ಸಿನಿಮಾ ಆದಾಗ ತರುಣಿ ಕಾರ್ನೀಲಿಯಾ ಆಗಿ ನಟಿಸಿದವರು ಗೇಲ್ ರಸೆಲ್. ಅದೇ ವರ್ಷ ತೆರೆಕಂಡ ದೆವ್ವದ ಕಥೆಯ ಚಿತ್ರ ‘ದಿ ಅನ್‌ಇನ್ವೈಟೆಡ್’ನಲ್ಲಿ ಗೇಲ್ ನಾಯಕಿ, ಆಕೆಯನ್ನು ಕಾಡುವ ಮಿಸ್ ಹಾಲೊವೇ ಸ್ವತಃ ಕಾರ್ನೀಲಿಯಾ. ತನ್ನ ಯೌವನದ ಪಾತ್ರಧಾರಿಯನ್ನು ತಾನೇ ಎದುರು ನಿಂತು ಹೆದರಿಸುವ ಭಾಗ್ಯ ಯಾವ ಲೇಖಕಿಗೆ ಸಿಕ್ಕೀತು?

1958ರಲ್ಲಿ ಸ್ಯಾಮ್ಯುಯೆಲ್ ಟೇಲರ್ ಜೊತೆ ಬರೆದ ‘ದಿ ಪ್ಲೆಷರ್ ಆಫ್ ಹಿಸ್ ಕಂಪನಿ’ ಬ್ರಾಡ್‌ವೇಯಲ್ಲಿ ಗೆದ್ದಿತು. ಅದರಲ್ಲಿ ನಟಿಸಿಯೂ ಇದ್ದರು. 1961ರಲ್ಲಿ ಅದೂ ಸಿನಿಮಾ ಆಯಿತು. ಅವರ ಪಾತ್ರ ಮಾತ್ರ ಲಿಲ್ಲಿ ಪಾಮರ್ ಪಾಲಾಯಿತು.

ಫ್ರೆಂಚ್ ನಟಿ ಸಾರಾ ಬರ್ನಾರ್ಟ್ ಜೀವನಚರಿತ್ರೆ ‘ಮದಾಂ ಸಾರಾ’ ಕೂಡ ಇವರ ಲೇಖನಿಯದೇ.

ಬರ್ನಾರ್ಡ್ ಷಾ ಅವರ ‘ಕ್ಯಾಂಡಿಡಾ’ದಲ್ಲಿ ನಟಿಸಿದಾಗ ನಡೆಯಿತೆಂದು ರಂಗಭೂಮಿಯವರು ಹೇಳುತ್ತ ಬಂದ ಪ್ರಸಂಗವೊಂದಿದೆ. ಷಾ ತಂತಿ ಕಳಿಸಿದರು: ಅತ್ಯುತ್ತಮ, ಮಹೋನ್ನತ. ಈಕೆಯ ಉತ್ತರ: ಅಷ್ಟು ಹೊಗಳಿಕೆಗೆ ಅರ್ಹವಲ್ಲ. ಷಾ ಬಿಡಲಿಲ್ಲ: ನಾನು ಹೇಳಿದ್ದು ನಾಟಕವನ್ನು. ಈಕೆಯೂ ಬಿಡಲಿಲ್ಲ: ನಾನು ಹೇಳಿದ್ದೂ ಅದನ್ನೇ!