ತೊಂಡೆಯ ತಂತು ಮತ್ತು ಆಷಾಢದ ಗಾಳಿ

ಹೊಸಪೇಟೆಯ ವಾಚಕರೊಬ್ಬರು ತಮ್ಮ ಹಿತ್ತಿಲಿನ ಸುತ್ತ ಮದರಂಗಿಯ ಬೇಲಿಯನ್ನು ಹೊಸದಾಗಿ ನೆಟ್ಟು, ಅದರೊಳಗೆ ತೊಂಡೆಯನ್ನೂ ಶಂಖಪುಷ್ಪವನ್ನೂ ಹಬ್ಬಿಸಹೊರಟಾಗ, ಬಳ್ಳಿಯು ಆಶ್ರಯವಿತ್ತ ಗಿಡದ ರಸವನ್ನೇ ಹೀರಿ ಒಣಗಿಸುತ್ತದೆಂದು ನೆರೆಯವರು ತಡೆದರಂತೆ. ಇದು ದಿಟವೇ ಎಂದು ಅವರ ಪ್ರಶ್ನೆ. ದಿಟವಲ್ಲ. ಈ ಬಳ್ಳಿಗಳಿಗೆ ತಮ್ಮವೇ ಆದ ಬೇರುಗಳೂ ಹಸುರೆಲೆಗಳೂ ಉಂಟು. ಗಿಡದಿಂದ ಅವು ಬೇಡುವುದು ಆಧಾರವನ್ನಷ್ಟೆ. ರಸ ಹೀರುವ ಅಪಕೀರ್ತಿ ಸಲ್ಲತಕ್ಕದ್ದು, ಎಲೆಯಿಲ್ಲದೆ ಹಳದಿ ಎಳೆಗಳಾಗಿ ಹರಡಿ ಪರರ ಕಾಂಡದೊಳಕ್ಕೆ ಹೀರುಬೇರುಗಳನ್ನಿಳಿಸುವ ಆಕಾಶಬಳ್ಳಿಗೆ. ಒಂದರ ಅಪರಾಧಕ್ಕಾಗಿ ಬಳ್ಳಿಗಳ ಕುಲವನ್ನೇ ದಂಡಿಸುವುದೂ, ಆವರಣಕ್ಕೆ ಬಳ್ಳಿ ಹಬ್ಬಿದರೆ ಮನೆಗೆ ಕೇಡೆಂದು ವಾಸ್ತುವಿನ ಹೆಸರಿನಲ್ಲಿ ಹೆದರಿಸುವುದೂ ವಿಚಾರವಂತರು ಒಪ್ಪುವ ಮಾತಲ್ಲ.

ಶಂಖಪುಷ್ಪವು ತನ್ನ ಕಾಂಡವನ್ನೇ ಆಧಾರಕ್ಕೆ ಸುತ್ತಿ ಏರುತ್ತದೆ. ತೊಂಡೆಯಾದರೋ ಗೆಣ್ಣಿಗೊಂದರಂತೆ ಎಳೆಯ ತಂತುವನ್ನು ಚಾಚುತ್ತದೆ; ಅದು ಗಾಳಿಯಲ್ಲಿ ಮೆಲ್ಲನೆ ಸುತ್ತು ಹಾಕುತ್ತ ಕಡ್ಡಿಯೊಂದನ್ನು ಸೋಕಿದೊಡನೆ ಬಾಗಿ ಹಿಡಿದುಕೊಳ್ಳುತ್ತದೆ. ವಿಸ್ಮಯವಿರುವುದು ಅನಂತರದಲ್ಲಿ. ಹಿಡಿತ ಸಿಕ್ಕಮೇಲೆ ತಂತುವಿನ ನಡುಭಾಗವು ಸುರುಳಿಗೊಂಡು ಬಳ್ಳಿಯನ್ನು ಬೇಲಿಯತ್ತ ಸೆಳೆಯುತ್ತದೆ. ಆದರೆ ಎರಡು ತುದಿಗಳೂ ಬಂಧಿತವಾಗಿರುವುದರಿಂದ ಒಂದೇ ದಿಕ್ಕಿಗೆ ಸುರುಳಿಯಾಗುವುದು ಅಸಾಧ್ಯ. ತುದಿಗಳೆರಡನ್ನೂ ಬಿಗಿಹಿಡಿದು ಹಗ್ಗವನ್ನು ನಡುವೆ ಹೊಸೆದರೆ ಒಂದು ಕಡೆ ಬಲಹುರಿಯೂ ಮತ್ತೊಂದು ಕಡೆ ಎಡಹುರಿಯೂ ಮೂಡುವಂತೆ, ತಂತುವಿನ ಅರ್ಧವು ಬಲಕ್ಕೂ ಉಳಿದರ್ಧವು ಎಡಕ್ಕೂ ಸುತ್ತಿ, ನಡುವೆ ಕಿರಿದಾದ ನೇರ ತುಂಡೊಂದು ಉಳಿಯುತ್ತದೆ.

ಚಾರ್ಲ್ಸ್ ಡಾರ್ವಿನ್ನರು 1865ರಲ್ಲಿ ಪ್ರಕಟಿಸಿದ ಹಬ್ಬುಬಳ್ಳಿಗಳ ಪ್ರಬಂಧದಲ್ಲಿ ಇದರ ಕಾರಣವನ್ನು ವಿವರಿಸಿದರು. ಬಿರುಗಾಳಿ ಬೀಸುವಾಗ ಬೇಕೆಂದೇ ಹೋಗಿ, ಬಯಲ ಬೇಲಿಯೊಂದಕ್ಕೆ ಹಬ್ಬಿದ್ದ, ತೊಂಡೆಯ ಕುಟುಂಬಕ್ಕೇ ಸೇರಿದ ಬ್ರಯೋನಿ ಬಳ್ಳಿಯನ್ನು ನೋಡಿ, ಸ್ಪ್ರಿಂಗಿನಂತಹ ಈ ತಂತುಗಳೇ ಅದನ್ನು ಕಾಯುತ್ತವೆಂದು ಕಂಡುಕೊಂಡರು. ಆಷಾಢದಲ್ಲಿ ಕಮಲಾಪುರದ ದಾರಿಯ ಬೇಲಿಗಳು ಗಾಳಿಗೆ ಸಿಕ್ಕಿ ತೊನೆಯುವಾಗ, ತೊಂಡೆಯು ಒಂದು ತಂತುವನ್ನೂ ಹರಿದುಕೊಳ್ಳದೆ ಬೇಲಿಯೊಡನೆಯೇ ತೂಗುವುದನ್ನು ನಾನೂ ನಿಂತು ನೋಡಿದ್ದೇನೆ. 2012ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಸೌತೆಯ ತಂತುವನ್ನು ಸೀಳಿ ನೋಡಲಾಗಿ, ಒಳಗೆ ಎರಡು ಪದರದ ನಾರಿನ ಪಟ್ಟಿಯೊಂದಿದ್ದು, ಒಂದು ಪದರವು ಮತ್ತೊಂದಕ್ಕಿಂತ ಹೆಚ್ಚು ಕುಗ್ಗುವುದರಿಂದ ಸುರುಳಿಯುಂಟಾಗುತ್ತದೆಂಬುದು ತಿಳಿಯಿತು. ಬಲಿತ ತಂತುವನ್ನು ಎಳೆದರೆ ಸುರುಳಿಯು ಬಿಚ್ಚಿಕೊಳ್ಳುವ ಬದಲು ಮೊದಲು ಇನ್ನಷ್ಟು ಸುತ್ತುಗಳನ್ನೇ ಪಡೆಯುತ್ತದೆ! ಮೆಲ್ಲನೆ ಎಳೆದಾಗ ಮೃದುವಾಗಿಯೂ, ಬಲವಾಗಿ ಎಳೆದಾಗ ಬಿಗಿಯಾಗಿಯೂ ವರ್ತಿಸುವ ಈ ಗುಣಕ್ಕಿಂತ ಗಾಳಿಗೆ ತಕ್ಕ ಉತ್ತರ ಬೇರೊಂದುಂಟೆ?

ಇಷ್ಟಾದರೂ ಎಳೆಯ ಬೇಲಿಗೆ ಬಳ್ಳಿಯಿಂದ ಹಾನಿಯೇ ಇಲ್ಲವೆನ್ನಲಾಗದು. ದಟ್ಟವಾದ ತೊಂಡೆಯು ಬಿಸಿಲನ್ನು ಮರೆಮಾಡುತ್ತದೆ. ನಮ್ಮ ಸೀಮೆಯ ಕೆಮ್ಮಣ್ಣಿನಲ್ಲಿ ಮೊದಲೇ ಕಡಿಮೆಯಾದ ನೀರಿಗೆ ಬೇರುಗಳು ಪೈಪೋಟಿ ನಡೆಸುತ್ತವೆ. ಆದುದರಿಂದ ಮೊದಲ ವರ್ಷ ಮದರಂಗಿಯನ್ನು ಅದರ ಪಾಡಿಗೆ ಬೇರೂರಲು ಬಿಡಿರಿ. ಎರಡನೆಯ ಮುಂಗಾರಿನಲ್ಲಿ, ಬುಡದಿಂದ ಒಂದೆರಡು ಅಡಿ ದೂರದಲ್ಲಿ, ಹಗುರವಾದ ಶಂಖಪುಷ್ಪವನ್ನು ಮೊದಲು ಬಿತ್ತಿರಿ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಮಣ್ಣಿಗೂ ಹಿತ. ತೊಂಡೆಗೆ ಬೇಲಿಯು ಎದೆಮಟ್ಟ ಬೆಳೆದ ಮೇಲೆ ಎಡೆಗೊಡಿರಿ, ಕಾಲಕಾಲಕ್ಕೆ ಸವರಿರಿ. ಕುಡುಗೋಲನ್ನು ಎತ್ತುವ ಮುನ್ನ ಬಳ್ಳಿಗೆ ಹಸುರೆಲೆಯುಂಟೇ, ನೆಲದಲ್ಲಿ ಬೇರುಂಟೇ ಎಂಬುದನ್ನು ದಯವಿಟ್ಟು ಪರೀಕ್ಷಿಸಿರಿ; ಎರಡೂ ಇದ್ದರೆ ಅದು ಸಾಮಾನ್ಯವಾಗಿ ನಿಮ್ಮ ಬೇಲಿಯ ರಸಕ್ಕೆ ಬಾಯಿಹಾಕುವುದಿಲ್ಲ.